ನಿವ್ವಳ ತೂಕ

ಇಪ್ಪತ್ತಾರು ವರ್ಷ ಸಹಕಾರಿ ಬ್ಯಾಂಕಿನ ಮೂಲೆಯಲ್ಲಿ ಕೂತು
ಕಂಡವರ ಸರ, ಬಳೆ, ಬೆಂಡೋಲೆ
ಒರೆಗಲ್ಲಿಗೆ ತಿಕ್ಕಿದವನು ನಾನು.
ಒಂದು ಗೀರು, ಒಂದು ಹನಿ ಆಸಿಡ್ಡು.
ಗೀರು ಉಳಿದರೆ ಚಿನ್ನ,
ಅಳಿದರೆ, ಕ್ಷಮಿಸಿ ತಾಯಿ.

ಐವತ್ಮೂರಕ್ಕೆ ವೈನು ಕಲಿಯಲು ಹೊರಟೆ.
ಯಾಕೆಂದು ಕೇಳಿದವರಿಗೆ ಒಂದೊಂದು ಉತ್ತರ:
ಡಾಕ್ಟರು ಹೇಳಿದರು; ಹೃದಯಕ್ಕೆ ಒಳ್ಳೆಯದಂತೆ; ಸುಮ್ಮನೆ.
ಮೂರನೆಯದೇ ನಿಜ.

ದುರ್ಗಿಗುಡಿಯಲ್ಲಿ ಟೈರ್ ಅಂಗಡಿಯ ಮಹಡಿ ಮೇಲೆ
ಜೂಲಿಯಾನ ಬಾಯಿಯ ಮನೆ. ರಿಟೈರಾದ ನರ್ಸು,
ಹನ್ನೊಂದು ವರ್ಷ ಇಟಲಿಯ ಆಸ್ಪತ್ರೆಯಲ್ಲಿದ್ದು ಬಂದವರು.
ಅವರದೂ ಕೊಂಕಣಿ, ನನ್ನದೂ ಕೊಂಕಣಿ,
ಒಂದೇ ಬಳ್ಳಿಯ ಹಣ್ಣು, ಬೇರೆ ಬೇರೆ ಪೀಪಾಯಿಯಲ್ಲಿ ಹುಳಿ ಬಂದದ್ದು.
ಹಾಗಾಗಿ ಪಾಠವೆಲ್ಲ ಕನ್ನಡದಲ್ಲಿ.

ಮೊದಲ ಪಾಠ: ಕೈ ತೊಳೆದು ಬನ್ನಿ,
ಬೆರಳಲ್ಲಿ ಆಸಿಡ್ ನಾತವಿದ್ದರೆ ಯಾವ ದ್ರಾಕ್ಷಿ ಮಾತಾಡೀತು?
ಎರಡನೆಯದು: ಗ್ಲಾಸಿನ ಕಾಲು ಹಿಡಿಯಿರಿ, ಹೊಟ್ಟೆಯನ್ನಲ್ಲ.
ಮೂರನೆಯದು: ಉಗುಳಿ.
ಜೀವಮಾನವೆಲ್ಲ ಎಲೆಯಡಿಕೆ ಉಗುಳಿದ ಪೋಸ್ಟ್‌ಮಾಸ್ಟರ್ ಹಾಲಪ್ಪನವರು
‘ಏಳುನೂರ ಎಂಬತ್ತು ರೂಪಾಯಿ ಸ್ವಾಮಿ, ಇದನ್ನ ಉಗುಳೋದಾ?’
ಎಂದು ನುಂಗಿದರು. ಆರು ಸಲ ನುಂಗಿದರು.
ಏಳನೆಯದಕ್ಕೆ ಅವರ ಅಭಿಪ್ರಾಯ
ರಾಗವಾಗಿ ಹೊರಬಂತು.

ಪುಸ್ತಕದಲ್ಲಿತ್ತು: ಚೆರ್ರಿ, ಸೀಡರ್ ಮರ, ಕುದುರೆಯ ಜೀನು.
ಸೀಡರ್ ಕಂಡವನಲ್ಲ. ಕುದುರೆ, ಮದುವೆ ದಿಬ್ಬಣದ್ದು, ದೂರದಿಂದ.
ಚೆರ್ರಿ ಎಂದರೆ ಬೇಕರಿ ಕೇಕಿನ ನೆತ್ತಿಯ ಕೆಂಪು ಗೋಲಿ.
ನಾಲಗೆ ಒಣಗಿ ಒಸಡನ್ನು ಏನೋ ಹಿಡಿದು ಎಳೆದಾಗ
ಪುಸ್ತಕ ಟ್ಯಾನಿನ್ ಎಂದಿತು.
ನಾನು ಹೇಳಿದೆ: ಒಗರು. ಗೇರುಹಣ್ಣು ಕಚ್ಚಿದ ಹಾಗೆ.
‘ಅದೇ,’ ಎಂದರು ಜೂಲಿಯಾನ ಬಾಯಿ,
‘ನಿಮ್ಮ ಬಾಯಲ್ಲೇ ಇತ್ತಲ್ಲ, ಪುಸ್ತಕ ಯಾಕೆ?’

ಒಂದು ಶನಿವಾರ, ಹಳೇ ಬಾಟಲಿ, ದುಬಾರಿಯದು.
ಎಲ್ಲರೂ ಕಣ್ಣು ಮುಚ್ಚಿ ಆಹಾ ಎಂದರು, ಮಣ್ಣಿನ ಗಂಧ ಎಂದರು.
ನನ್ನ ಮೂಗು ತಟ್ಟನೆ ಎದ್ದು ಕೂತಿತು:
ಗೋಣಿಚೀಲ. ಒದ್ದೆಯದು. ಗೋದಾಮಿನ ಕೆಳಸಾಲಿನದು.
ಬಿರಡೆ ಕೆಟ್ಟಿದೆ, ಇದು ಖೋಟಾ ಎಂದೆ.
ಬಾಯಿ ಮೂಸಿದರು, ತಲೆದೂಗಿ ಬಚ್ಚಲಿಗೆ ಸುರಿದರು.
ಆ ರಾತ್ರಿ ಗೋಪಿ ಸರ್ಕಲ್ಲಿನಲ್ಲಿ ನನ್ನ ಸ್ಕೂಟರು
ನೆಲಕ್ಕೆ ತಾಗಲಿಲ್ಲ.

ಮುಂದಿನ ವಾರ ಬಾಯಿ ಹೇಳಿದರು:
‘ಕೆಟ್ಟದ್ದನ್ನ ಹಿಡಿಯೋದು ನಿಮ್ಮ ಕಸುಬು ರೇವಣಕರ್.
ಇದು ಒಳ್ಳೇದು. ಹೇಗೆ ಒಳ್ಳೇದು, ಹೇಳಿ.’
ಕುಡಿದೆ. ಚೆನ್ನಾಗಿತ್ತು.
ಚೆನ್ನಾಗಿದೆ ಎಂದೆ.
ಮುಂದಕ್ಕೆ ಮಾತು ಹುಟ್ಟಲಿಲ್ಲ.
ಕಾಲು ಗಂಟೆ ನನ್ನನ್ನೇ ನೋಡುತ್ತ ಕೂತರು, ಪುಣ್ಯಾತ್ಗಿತ್ತಿ.

ಉಳಿದರ್ಧ ಬಾಟಲಿ ಮನೆಗೆ ತಂದೆ.
ಬ್ಯಾಂಕಿನ ಹಳೇ ಲೆಡ್ಜರಿನ ಹಿಂದಿನ ಹಾಳೆಯಲ್ಲಿ
ಒಟ್ಟು ತೂಕ, ಕಲ್ಲು ಕಳೆದು ನಿವ್ವಳ ತೂಕ ಎಂಬ ಗೆರೆಗಳ ನಡುವೆ
ಬಣ್ಣ ಬರೆದೆ, ಒಗರು ಬರೆದೆ. ಗಂಧದ ಮುಂದೆ ಖಾಲಿ.
ಮಂದಾಕಿನಿ ಕುಡಿಯುವವಳಲ್ಲ.
ಅನ್ನಕ್ಕಿಟ್ಟು ಬಂದವಳು ಸೆರಗಲ್ಲಿ ಕೈ ಒರೆಸಿ
ಗ್ಲಾಸಿಗೆ ಮೂಗಿಟ್ಟಳು.

‘ಕವಳಿ ಹಣ್ಣು,’ ಎಂದಳು. ‘ಹೊಸನಗರದ ಶಾಲೆ ಹಿಂದಿನ ಗುಡ್ಡದ್ದು.
ಲಂಗದ ಜೇಬಿಗೆ ತುಂಬಿಕೊಂಡರೆ
ಲೆಕ್ಕದ ಪೀರಿಯಡ್ಡಿಗೆ ಜಜ್ಜಿ, ಸಂಜೆಗೆ ಬಟ್ಟೆಯೇ ಹುಳಿ.
ಆ ಜೇಬಿನ ವಾಸನೆ ಇದು.’
ಮತ್ತೆ: ‘ಅದನ್ನೇ ಬಣ್ಣ ಹಾಕಿ ಪಾಕದಲ್ಲಿ ಅದ್ದಿ
ಬೇಕರಿಯವರು ಚೆರ್ರಿ ಅಂತ ಮಾರೋದು. ಗೊತ್ತಿಲ್ವಾ?’

ಗೊತ್ತಿರಲಿಲ್ಲ. ಐವತ್ತು ವರ್ಷ ಕೇಕು ತಿಂದಿದ್ದೇನೆ.

‘ಎಷ್ಟು ಕೊಟ್ರಿ ಇದಕ್ಕೆ?’
ಇನ್ನೂರು ಕಳೆದು ಹೇಳಿದೆ.
ನಕ್ಕಳು, ಗ್ಲಾಸನ್ನು ನಲ್ಲಿಯ ಕೆಳಗೆ ಒಯ್ದಳು,
ನೀರು ತಿರುಗಿಸುವ ಮುನ್ನ ಇನ್ನೊಮ್ಮೆ ಮೂಸಿದಳು.

ನಾನು ಬರೆದುಕೊಂಡೆ: ಜೇಬು.