ಕಲಗಚ್ಚಿನ ತೂಕ

(ಸಿಯೋಲ್ ನಗರದ ಒಂದು ಹಳೇ ಅಪಾರ್ಟ್‌ಮೆಂಟು; ಕಾವಲುಗಾರ ಪ್ಯೋ ದೊಕ್-ಸು, ಹೊಸದಾಗಿ ಬಂದ ಹುಡುಗಿಗೆ)

ಕಾರ್ಡು ಇಲ್ಲಿ ತೋರಿಸಮ್ಮಾ. ಅಲ್ಲಲ್ಲ, ಆ ಕೆಂಪು ಕಣ್ಣಿಗೆ.
ನೋಡು, ಡಬ್ಬ ತಾನಾಗೇ ಬಾಯಿ ತೆರೆಯಿತು.
ತಾಳು, ಹಾಗೇ ಸುರೀಬೇಡ.
ನೀರು ಬಸಿದಿದ್ದೀಯಾ?
ಇಲ್ಲಿ ತೂಕಕ್ಕೆ ದುಡ್ಡು.
ಸಾರು ಕುಡಿಯದೆ ಬಿಟ್ಟರೆ
ಆ ನೀರಿಗೂ ತಿಂಗಳ ಕೊನೆಗೆ ಬಿಲ್ಲು ಬರುತ್ತೆ.
ಕಿಮ್ಚಿ ಎಲೆಯನ್ನ ಒದ್ದೆ ಬಟ್ಟೆ ಹಿಂಡಿದ ಹಾಗೆ
ಮುಷ್ಟಿ ಬಿಗಿಹಿಡಿದು ಹಿಂಡಬೇಕು.

ಮೂಳೆ ಇದಕ್ಕಲ್ಲ. ಸಿಂಪಿ, ಪೀಚಿನ ಓಟೆ,
ಈರುಳ್ಳಿಯ ಒಣಸಿಪ್ಪೆ, ಮೊಟ್ಟೆಯ ಓಡು, ಸೋಸಿದ ಚಹಾಪುಡಿ, ಯಾವುದೂ ಅಲ್ಲ.
ಪಟ್ಟಿ ಬಾಯಿಪಾಠ ಮಾಡಬೇಡ, ನನಗೇ ಬರಲ್ಲ.
ಹಂದಿ ಇದನ್ನ ತಿಂದೀತೇ ಅಂತ ಒಂದು ಸಲ ಕೇಳಿಕೋ, ಸಾಕು.
ಆರನೇ ಮಹಡಿಯ ಬಾಂಗ್ ಮೇಷ್ಟ್ರಿಗೆ ಹೀಗೇ ಹೇಳಿದೆ.
ಹಂದಿಯನ್ನ ತಟ್ಟೆಯಲ್ಲಿ ಬಿಟ್ಟು
ಬೇರೆಲ್ಲೂ ನೋಡಿಲ್ಲವಲ್ಲ, ಅಂದರು, ಪಾಪ.

ಹನ್ನೊಂದು ವರ್ಷದಿಂದ ಈ ಗೂಡಿನಲ್ಲಿ ಕೂತಿದ್ದೇನೆ.
ಹೆಸರು ಮರೆಯುತ್ತೇನೆ, ಗ್ರಾಂ ಮರೆಯಲ್ಲ.
ಐನೂರೆರಡು: ಒಂದು ಕಿಲೋ ಇನ್ನೂರು. ಚಾಕು ತಾಗದ ಕೇಕು,
ಮೇಲೆ ಬರೆದ ಅಕ್ಷರ ಕೂಡ ಕೆಟ್ಟಿರಲಿಲ್ಲ.
ನಾನೇನೂ ಕೇಳಲಿಲ್ಲ.
ಡಬ್ಬ ಮಾತ್ರ ಅಂಕಿಯನ್ನ ಗಟ್ಟಿಯಾಗಿ ಓದಿಬಿಟ್ಟಿತು,
ಸಾಲ ವಾಪಸು ಕೇಳುವ ಬ್ಯಾಂಕಿನವರ ದನಿಯಲ್ಲಿ.

ಆಮೇಲೆ ಆ ಹುಡುಗ, ಉನ್-ಗ್ಯೊಲ್. ಪರೀಕ್ಷೆಯ ವರ್ಷ.
ರಾತ್ರಿ ಹನ್ನೊಂದೂವರೆಗೆ ಬ್ಯಾಗಿನಿಂದ ಬುತ್ತಿ ತೆಗೆದು ಸುರಿಯುತ್ತಿದ್ದ:
ಮುನ್ನೂರ ನಲವತ್ತು, ಮುನ್ನೂರ ಐವತ್ತೈದು, ಒಂದು ದಿನ ನಾನೂರ ಹತ್ತು.
ಕಟ್ಟಿಕೊಟ್ಟ ಹಾಗೇ, ಮೊಟ್ಟೆಯ ಸುರುಳಿ ಸಹ ಕದಲದೆ.
ಅವನಮ್ಮ ಬೆಳಿಗ್ಗೆ ಬೆಳಿಗ್ಗೆ ನನಗೆ ಹೇಳುವಳು,
ಚೆನ್ನಾಗಿ ತಿಂತಾನೆ, ಡಬ್ಬಿ ಖಾಲಿ ತರ್ತಾನೆ.
ಹೇಳಲೇ?
ಬಿಲ್ಲು ಹೇಳಿತು.
ಕಾಗದ ಹಿಡಿದು ಇಳಿದು ಬಂದಳು, ಯಂತ್ರ ಕೆಟ್ಟಿದೆ,
ನಮ್ಮ ಮನೇಲಿ ಇಷ್ಟು ಮಿಗೋದೇ ಇಲ್ಲ.
ಕೆಟ್ಟಿರಬಹುದು, ಅಂದೆ.
ರಿಪೇರಿ ಆಗೋವರೆಗೆ ಬುತ್ತಿಗೆ ಅರ್ಧ ಅನ್ನ ಹಾಕಿ ನೋಡಿ.
ಮುಂದಿನ ತಿಂಗಳು ಯಂತ್ರ ತಾನೇ ಸರಿಹೋಯಿತು.
ಹುಡುಗ ಈಗ ಹಾದುಹೋಗುವಾಗ ತಲೆ ಬಗ್ಗಿಸುತ್ತಾನೆ,
ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ.

ನಮ್ಮಮ್ಮ ಅಕ್ಕಿ ಅಳೆದು ಮಡಕೆಗೆ ಹಾಕಿದ ಮೇಲೆ
ಅದರಿಂದಲೇ ಒಂದು ಹಿಡಿ ಹಿಂದಕ್ಕೆ ತೆಗೆದು
ಮೂಲೆಯ ಜಾಡಿಗೆ ಸುರಿಯುತ್ತಿದ್ದಳು, ಪ್ರತಿ ಹೊತ್ತೂ.
ಬಾರ್ಲಿ ಇನ್ನೂ ಹಸಿರಾಗಿರುವ ವಾರಗಳಲ್ಲಿ
ಆ ಜಾಡಿ ನಮ್ಮನ್ನ ಉಣಿಸಿತು.
ಹಂದಿಗೆ ಕಲಗಚ್ಚು ಅಂದರೆ ಆಗ ತೊಳೆದ ನೀರು, ಅಷ್ಟೇ.
ಅದರಲ್ಲೊಂದು ಅಗುಳು ತೇಲಿದರೆ ಅಜ್ಜನ ವಿಚಾರಣೆ:
ಇದು ಯಾರ ಬಟ್ಟಲಿನದು?
ಅವಳು ತೂಗಿದ್ದು ಒಲೆ ಹೊತ್ತಿಸುವ ಮುಂಚೆ.
ಈ ಡಬ್ಬ ತೂಗುವುದು ಬಾಯಿ ಒರೆಸಿಕೊಂಡ ಮೇಲೆ.
ಎರಡರ ನಡುವೆ
ಎಪ್ಪತ್ತೊಂದು ವರ್ಷ ಉಂಡಿದ್ದೇನೆ.

ನಾಲ್ಕು ಗಂಟೆಗೆ ಲಾರಿ. ಅಲ್ಲಿ ಹಿಂಡಿ, ಬೇಯಿಸಿ, ಒಣಗಿಸಿ
ಒಂದಿಷ್ಟು ಕೋಳಿಗೆ ಮೇವು, ಒಂದಿಷ್ಟು ಗೊಬ್ಬರ,
ಹಿಂಡಿದ ರಸ ಕೊಳೆತು ಯಾರದೋ ಮನೆಯ ಗ್ಯಾಸು.
ನಮ್ಮೂಟದಲ್ಲಿ ಉಪ್ಪು ಜಾಸ್ತಿಯಂತೆ, ಮಣ್ಣಿಗೆ ಸೇರಲ್ಲವಂತೆ.
ಮರದ ಹೊಟ್ಟು ಬೆರೆಸಿ ತಿಂಗಳುಗಟ್ಟಲೆ ಮಾಗಿಸುತ್ತಾರೆ.
ಚಳಿ ಕಳೆದ ಮೇಲೆ ಎರಡು ಮೂಟೆ ಇಲ್ಲಿಗೇ ವಾಪಸು ಬರುತ್ತೆ.

ಗೋಡೆಪಕ್ಕದ ಆ ಮೆಣಸಿನ ಗಿಡ ಕಂಡೆಯಾ?
ಅದರಲ್ಲಿ ಆ ಕೇಕು ಇದೆ ಅಂತ ನನ್ನ ಲೆಕ್ಕ. ಖಾರ ಕಮ್ಮಿ.
ಐನೂರೆರಡರವರು ಅದರಿಂದಲೇ ಕಿತ್ತುಕೊಂಡು ಹೋಗುತ್ತಾರೆ,
ಇಬ್ಬರೂ,
ಬೇರೆ ಬೇರೆ ಹೊತ್ತಿಗೆ.

ಸರಿ, ಈಗ ಸುರಿ.

ಅರವತ್ತು ಗ್ರಾಂ.
ಒಬ್ಬಳೇ ಇರೋದಾ?
ಬೇಡ, ಹೇಳಬೇಡ.
ಮುಚ್ಚಳ ಮುಚ್ಚಿದ ಸದ್ದು ಬರೋವರೆಗೆ ನಿಂತುಕೋ.