ಮೊಳೆ

ಥೆಕ್ಲಾಳ ಕೈಚೀಲದಲ್ಲಿ ಒಂದು ಮೊಳೆಯಿದೆ.
ಎರಡಂಗುಲದ್ದು, ನೆತ್ತಿ ಸ್ವಲ್ಪ ಸೊಟ್ಟ.
ಒಂಬತ್ತು ವರ್ಷದ ಹಿಂದೆ, ಇಲಾವಾರಾ ರಸ್ತೆಯ
ಬಾಡಿಗೆ ಕೋಣೆ ಬಿಡುವಾಗ
ಗೋಡೆಯಲ್ಲೊಂದು ತೂತೆಂದು ನಲವತ್ತು ಡಾಲರ್ ಮುರಿದುಕೊಂಡರು.
ಮೊಳೆ ಅವಳದಲ್ಲ, ಅವಳಿಗಿಂತ ಮುಂಚಿನ ಯಾರದೋ.
ವಾದಿಸಲಿಲ್ಲ. ಇಕ್ಕಳ ತಂದು ಕಿತ್ತುಕೊಂಡು ಹೊರಟಳು:
ದುಡ್ಡು ಕೊಟ್ಟ ಮೇಲೆ ಇದು ನನ್ನದು.
ಮ್ಯಾರಿಕ್‌ವಿಲ್ಲಿನಲ್ಲಿ ಅವಳ ಆಸ್ತಿ ಇಷ್ಟೇ.
ಚರವೋ ಸ್ಥಿರವೋ, ವಕೀಲರು ಹೇಳಬೇಕು.

ಬೆಳಗಿನಿಂದ ಸಂಜೆ ಅವಳು ಹಲ್ಲು ಮಾಡುತ್ತಾಳೆ.
ಯಾರದೋ ಬಾಯಿಯ ಅಚ್ಚು,
ಪಕ್ಕದ ಹಲ್ಲಿನ ಬಣ್ಣಕ್ಕೆ ಒಪ್ಪುವ ಪಿಂಗಾಣಿ.
ಕೂದಲೆಳೆಯಷ್ಟು ಹೆಚ್ಚಾದರೂ ಕೂರುವುದಿಲ್ಲ.
ಇಪ್ಪತ್ತು ವರ್ಷದಲ್ಲಿ ಎಷ್ಟು ಹಲ್ಲುಗಳಿಗೆ
ಮನೆ ಹುಡುಕಿಕೊಟ್ಟಳೋ!

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆ
ಅವಳ ಅಪ್ಪ ಅಮ್ಮನ ಗ್ರೀಕಿನಲ್ಲಿದೆಯೋ ಇಲ್ಲವೋ,
ಬ್ಯಾಂಕಿನವರಿಗೆ ಬಾಯಿಪಾಠ.
ಅರ್ಜಿಯಲ್ಲಿ ಎರಡು ಅಂಕಣ: ಮೊದಲ ಅರ್ಜಿದಾರರು, ಎರಡನೆಯವರು.
ಎಡಗಡೆ ಅವಳ ಸಂಬಳ, ಅವಳ ಉಳಿತಾಯ,
ತಿಂಗಳಿಗೆಷ್ಟು ಕಾಫಿ ಕುಡಿಯುತ್ತೀರಿ ಎಂಬುದಕ್ಕೂ ಉತ್ತರ.
ಬಲಗಡೆ ಆಗಷ್ಟೇ ಸುಣ್ಣ ಹೊಡೆದ ಗೋಡೆಯಂತೆ ಖಾಲಿ.
ಇಲ್ಲಿಗೊಂದು ಮೊಳೆ ಹೊಡೆಯಲೇ ಎಂದು ಕೇಳಬೇಕೆನಿಸಿತು.
ಕೇಳಲಿಲ್ಲ. 'ಅನ್ವಯಿಸುವುದಿಲ್ಲ' ಎಂದು ಬರೆದಳು.

ಶನಿವಾರ. ಹನ್ನೊಂದು ಗಂಟೆ. ಹರಾಜು.
ಒಂದೇ ಕೋಣೆ, ಪಶ್ಚಿಮಕ್ಕೊಂದು ಕಿಟಕಿ,
ನೆತ್ತಿಯ ಮೇಲೆ ವಿಮಾನ ಹಾಯ್ದರೆ ಮಾತು ನಿಲ್ಲಿಸಬೇಕು.
ಅವಳ ಕೈಯಲ್ಲಿ ಹದಿನಾಲ್ಕನೇ ನಂಬರಿನ ಹಲಗೆ.
ಎದುರಿಗೊಂದು ಜೋಡಿ; ಅವನ ತೋಳಲ್ಲಿ ಪುಟ್ಟ ನಾಯಿ.
ಬೆಲೆ ಏರಿದಾಗಲೆಲ್ಲ ಅವರು
ತಲೆಗೆ ತಲೆ ಹಚ್ಚಿ ಪಿಸುಗುಟ್ಟುತ್ತಾರೆ,
ಪಿಸುಗುಟ್ಟಿ ಐದು ಸಾವಿರ ಹೆಚ್ಚಿಸುತ್ತಾರೆ.
ಅವಳಿಗೂ ಪಿಸುಗುಟ್ಟಬೇಕು.
ಸಾಕಾ? ಇನ್ನೊಂದು ಸಲ? ಕಾರು ಮಾರಿದರೆ?
ಕತ್ತು ಬಗ್ಗಿಸಿ ಕೋಟಿನ ಕಾಲರಿಗೆ ಕೇಳಿದಳು.
ಕಾಲರು ಉಣ್ಣೆಯದು. ಏನೂ ಹೇಳಲಿಲ್ಲ.

ಆರು ಲಕ್ಷದ ಅರವತ್ತು ಸಾವಿರ. ಅದು ಅವಳ ಕೊನೆ.
ಅರವತ್ತೈದು, ಎಂದಿತು ಜೋಡಿ. ನಾಯಿ ಆಕಳಿಸಿತು.
ಒಂದು ಸಲ. ಎರಡು ಸಲ.
ಆಗ ಒಂದು ವಿಮಾನ ಬಂತು.
ಹರಾಜುಗಾರ ಬಾಯಿ ತೆರೆದೇ ನಿಂತ. ಇಡೀ ಬೀದಿ ನಿಂತಿತು.
ಆ ಗದ್ದಲದ ಹೊಟ್ಟೆಯೊಳಗೆ ಹದಿನೈದು ಸೆಕೆಂಡು
ಮನೆ ಇನ್ನೂ ಯಾರದೂ ಆಗಿರಲಿಲ್ಲ,
ಹಾಗಾಗಿ ಅವಳದೂ ಆಗಿತ್ತು:
ಕಿಟಕಿಯ ಕೆಳಗೆ ಮೇಜು ಇಟ್ಟಳು,
ಅಜ್ಜಿಯ ಫೋಟೊ ಎತ್ತಿ ಹಿಡಿದು
ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ

ಸುತ್ತಿಗೆ ಬಿತ್ತು.

ಸುತ್ತಿಗೆ ಅವನಲ್ಲಿತ್ತು, ಮೊಳೆ ಇವಳಲ್ಲಿತ್ತು.
ಗೋಡೆ ನಾಯಿಯ ಪಾಲಾಯಿತು.

ಸೋಮವಾರ ಲ್ಯಾಬಿನಿಂದ ಎಲ್ಲರೂ ಹೋದ ಮೇಲೆ
ಉಳಿದ ಪ್ಲಾಸ್ಟರ್ ಕಲಸಿ
ಅಂಗೈಯಗಲದ ಒಂದು ಗೋಡೆ ಎರೆದಳು.
ಆರಿದ ಮೇಲೆ ಮೊಳೆ ಇಟ್ಟು ಒಂದೇ ಏಟು.
ಗೋಡೆ ಎರಡು ಹೋಳು.
ನಗು ಬಂತು. ತುಂಬ ಹೊತ್ತು ಬಂತು,
ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.
ಮೊಳೆ ಒರೆಸಿ ಚೀಲಕ್ಕೆ ಹಾಕಿದಳು.
ಯಾರು ಇಟ್ಟರೋ ಈ ಹೆಸರು; ಮೊಳೆ ಮೊಳೆಯುವುದಿಲ್ಲ,
ನೀರು ಕಂಡರೆ ತುಕ್ಕು ಹಿಡಿಯುತ್ತದೆ.

ಮುಂದಿನ ಶನಿವಾರ ಇನ್ನೊಂದು ಮನೆ.
ರೈಲು ಹಳಿಯಿಂದಾಚೆ, ಇನ್ನೂ ಚಿಕ್ಕದು.
ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟಳು,
ಕಲ್ಲಂಗಡಿ ಕೊಳ್ಳುವವರ ಹಾಗೆ.
ಇಟ್ಟಿಗೆಯದೇ, ಎಂದ ಹೊಳೆಯುವ ಬೂಟಿನ ಏಜೆಂಟ್ ಹುಡುಗ,
ಅವಳ ಹಿಂದಿನ ಬಾಗಿಲ ಕಡೆ ನೋಡುತ್ತ:
ನಿಮ್ಮವರು ಇನ್ನೂ ಬರಬೇಕಾ?

ಚೀಲದೊಳಗೆ ಕೈ ಹಾಕಿ
ಸೊಟ್ಟ ನೆತ್ತಿಯನ್ನು ಹೆಬ್ಬೆರಳಿಂದ ಸವರಿ
ಬಂದಾಗಿದೆ, ಎಂದಳು.
ಅಡುಗೆಮನೆ ಎಲ್ಲಿ?