ಮೂರನೆಯ ಗಂಟೆ

ಆಲ್ಡರ್‌ಹ್ಯಾಮಿನ ಚರ್ಚಿಗೆ ಆರು ಗಂಟೆ.
ಕನ್ನಡದಲ್ಲಿ ಹೀಗೆಂದರೆ ಹೊತ್ತು ಹೇಳಿದಂತಾಗುತ್ತದೆ.
ಇರಲಿ. ಹೊತ್ತೂ ಹೌದು, ಕಂಚೂ ಹೌದು.
ಮೂರನೆಯದು ನನ್ನದು.

ವಾರವಿಡೀ ಸಫೊಕ್ಕಿನ ಹಲ್ಲು ಕೀಳುವ ಈ ಕೈ
ಭಾನುವಾರದ ಚಳಿಯಲ್ಲಿ
ಕೆಂಪು ನೀಲಿ ಉಣ್ಣೆ ಸುತ್ತಿದ ಹಗ್ಗ ಹಿಡಿಯುತ್ತದೆ.
ತಲೆಯ ಮೇಲೆಲ್ಲೋ ಮುನ್ನೂರು ಕಿಲೋ ಲೋಹ
ನಿದ್ದೆಗಣ್ಣಿನ ಎಮ್ಮೆಯಂತೆ ಮಗ್ಗುಲು ಬದಲಿಸುತ್ತದೆ.
ಸೆಳೆಯಬೇಕು. ಸೆಳೆದು ಬಿಡಬೇಕು.
ಬಿಡದವರನ್ನು ಹಗ್ಗ ಅಟ್ಟಕ್ಕೇ ಎತ್ತಿಕೊಂಡು ಹೋಗುತ್ತದೆ
ಎಂದು ಮೊದಲ ದಿನವೇ ಹೆದರಿಸಿದ್ದ
ಗೋಪುರದ ಯಜಮಾನ ಡೆನ್ಜಿಲ್ ಗ್ಯಾರಡ್.

ಇಲ್ಲಿ ರಾಗವಿಲ್ಲ, ಬರೀ ಸರದಿ.
ಒಂದು ಎರಡು ಮೂರು ನಾಲ್ಕು ಐದು ಆರು
ಎರಡು ಒಂದು ನಾಲ್ಕು ಮೂರು ಆರು ಐದು
ಎರಡು ನಾಲ್ಕು ಒಂದು ಆರು ಮೂರು ಐದು
ಬಂದ ಸಾಲು ಮತ್ತೆ ಬರಕೂಡದು;
ಏಳುನೂರಿಪ್ಪತ್ತೂ ಮುಗಿದ ಮೇಲೆ
ದಾರಿ ತಪ್ಪಿದವರಿಗೆ ಊರ ಬಾವಿ ಕಂಡಂತೆ
ಒಂದು, ಎರಡು, ಮೂರು.

ಪ್ರಸ್ತಾರ ಹಾಕು ಎನ್ನುತ್ತಿದ್ದರು ದಸ್ತಗೀರ ಮಾಸ್ತರು,
ಹಾನಗಲ್ಲಿನ ಹೈಸ್ಕೂಲಿನಲ್ಲಿ,
ಲಘು ಗುರು ಲಘು, ಸೀಮೆಸುಣ್ಣ ಮುರಿಯುವ ತನಕ.
ರಮಜಾನಿನ ಒಣಬಾಯಲ್ಲೇ ಜೈನರ ಹಳಗನ್ನಡ ಓದುವರು;
ಅರಸ ಕಿರೀಟ ಕಳಚಿ, ಹಿಡಿಹಿಡಿ ಕೂದಲು ಕಿತ್ತು
ಕಾಡಿಗೆ ನಡೆಯುವ ಜಾಗ ಬಂದರೆ
ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗುವರು.
ಶುಕ್ರವಾರ ಮಧ್ಯಾಹ್ನ ಟೋಪಿ ಇಟ್ಟು ಮಸೀದಿಗೆ.
ಸರ್, ನೀವು ಜೈನರೇನ್ರಿ? ಎಂದು ಕೇಳಿದ್ದೆ ಒಮ್ಮೆ.
"ಇಲ್ಲವ್ವ, ನಾ ಕನ್ನಡ ಮಾಸ್ತರ."

ಅವರಿಗೆ ಹೋಗಲು ಮಸೀದಿಯಾದರೂ ಇತ್ತು.
ನಾನು ನಮ್ಮನೆಯ ಜಗಲಿ ದೇವರನ್ನೇ ನಂಬಲಾರದವಳು.

ಹತ್ತಕ್ಕೆ ಐದು ನಿಮಿಷ. ಹಗ್ಗ ಗೂಟಕ್ಕೆ.
ಜನ ದೊಡ್ಡ ಬಾಗಿಲಿಂದ ಒಳಗೆ,
ನಾವು ಗೋಪುರದ ಸಣ್ಣ ಬಾಗಿಲಿಂದ ಹೊರಗೆ.
ನಲವತ್ತಮೂರು ವರ್ಷ ಬಾರಿಸಿದ ಡೆನ್ಜಿಲ್
ಪ್ರವಚನ ಕೇಳಿದ್ದು ಹೆಣದ ಜೊತೆ ಬಂದಾಗಷ್ಟೇ.
ಹೊಸ ಪಾದ್ರಿ ಇಮೊಜೆನ್ ಪಾಸ್ಕ್
ಸಮಾಧಿಕಲ್ಲುಗಳ ನಡುವೆ ನನ್ನ ತಡೆದು, ನಗುತ್ತಲೇ,
ಊರನ್ನೆಲ್ಲ ಕರೆದು ನೀವೇ ಹೊರಟುಬಿಟ್ಟರೆ ಹೇಗೆ? ಎಂದಳು.
ಗಂಟೆಯೂ ಒಳಗೆ ಬರುವುದಿಲ್ಲವಲ್ಲ, ಎಂದೆ.
ಜಾಣ ಮಾತು. ಮನೆ ಮುಟ್ಟುವಷ್ಟರಲ್ಲಿ ಹಳಸಿತ್ತು.

ಉಂಡು ಎಲೆ ಎತ್ತದೆ ಎದ್ದವಳ ಹಾಗೆ.
ಯಾರದೋ ತಪ್ಪಲೆ, ಯಾರದೋ ದೀಪದ ಕಂಬ,
ಯಾರದೋ ಮದುವೆಯ ತಟ್ಟೆ
ಕರಗಿಸಿ ಹೊಯ್ದ ಎರಕ ಅದು.
ಅಂಚಿನಲ್ಲಿ ಅವರೇ ಕೊರೆಸಿದ ಮಾತು: ಕೇಳಿದವರು ಬಾಗಲಿ.
ಸಾವಿರ ಸಲ ಕೇಳಿದ್ದೇನೆ. ಬಾಗಿದ್ದು ಬೆನ್ನು ಮಾತ್ರ,
ಹಗ್ಗ ಕೆಳಗೆ ಬಂದಾಗ.

ಶನಿವಾರ ಬಕೆಟ್ಟು ಹಿಡಿದು ಏಣಿ ಹತ್ತಿದೆ.
ಕಾಗೆಗೂಡಿನ ಕಡ್ಡಿ, ಪಾರಿವಾಳದ ಹಿಕ್ಕೆ,
ಒಂದು ಒಣಗಿದ ಬಾವಲಿ. ಮೂರು ಚೀಲ.
ಬಾಕಿ ತೀರಿತೆನ್ನಲಾರೆ. ಸೊಂಟ ಹಿಡಿಯಿತು.

ಮಂಗಳವಾರ ನನ್ನ ಕುರ್ಚಿಯಲ್ಲಿ ವಿನಿಫ್ರೆಡ್ ಕಟಿಂಗ್,
ತೊಂಬತ್ತೊಂದು.
ಮೊಣಕಾಲು ಹೋಗಿ ಎರಡು ವರ್ಷ, ಚರ್ಚಿನ ಮೆಟ್ಟಿಲು ಆಗದು;
ಹಾಸಿಗೆಯಲ್ಲೇ ಎದ್ದು ಕೂತು
ಗಂಟೆ ಶುರುವಾದೊಡನೆ ಕೈ ಜೋಡಿಸುತ್ತಾಳಂತೆ,
ನಿಂತೊಡನೆ ಬಿಡುತ್ತಾಳಂತೆ.
ಕೆಳದವಡೆಯ ಅಚ್ಚು ಬಾಯಿಂದ ತೆಗೆದೆನೋ ಇಲ್ಲವೋ,
"ಭಾನುವಾರ ಮೂರನೆಯದು ಯಾರ ಕೈಲಿತ್ತು?
ಅರ್ಧ ಉಸಿರು ತಡ."
ನನ್ನ ಕೈಲಿ, ಎಂದೆ.
ಹ್ಞೂಂ, ಎಂದು ಬಾಯಿ ಮುಕ್ಕಳಿಸಿದಳು.
ಬೇರೇನೂ ಕೇಳಲಿಲ್ಲ.

ಗುರುವಾರ ರಾತ್ರಿ, ಊರು ಮಲಗಿದ ಮೇಲೆ,
ಸದ್ದು ಹೊರಡದಂತೆ ಗಂಟೆಯ ನಾಲಗೆ ಕಟ್ಟಿ
ಒಬ್ಬಳೇ ಎಳೆದೆ, ಬಿಟ್ಟೆ, ಎಳೆದೆ,
ಆ ಅರ್ಧ ಉಸಿರು
ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತ.